ಹಳೇ ಜಾವಾ, ಯೆಜ್ಡಿಯ ಇಗ್ನಿಷನ್ ಕಾಯಿಲ್: ಕೆಟ್ಟಿದೆಯೇ ಎಂದು ನೋಡುವುದು, ಕೆಟ್ಟಿದ್ದರೆ ಸರಿಮಾಡುವುದು

ಚಾಮುಂಡಿ ಬೆಟ್ಟದ ಅರ್ಧ ದಾರಿಯಲ್ಲಿ ಕೆಮ್ಮಿ ನಿಂತು, ಇಪ್ಪತ್ತು ನಿಮಿಷ ಮರದ ನೆರಳಲ್ಲಿ ಆರಿದ ಮೇಲೆ ಒಂದೇ ಕಿಕ್‌ಗೆ ಎದ್ದುಬಿಡುವ ಜಾವಾ ಬಗ್ಗೆ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ‘ಕಾಯಿಲ್ ಹೋಗಿದೆ, ಹೊಸದು ಹಾಕ್ಸಿ.’ ಪ್ಲಗ್ಗಿನ ಕಿಡಿಗೆ ಬೇಕಾದ ಹೆಚ್ಚು ವೋಲ್ಟ್ ಹುಟ್ಟಿಸುವುದು ಕಾಯಿಲ್, ಹಾಗಾಗಿ ಅದು ನಿಜವೂ ಇರಬಹುದು. ಆದರೆ ಇಗ್ನಿಷನ್ನಿನ ಇನ್ನೊಂದು ಚಿಕ್ಕ ಭಾಗವಾದ ಕಂಡೆನ್ಸರ್ ಸೋತರೂ ಗಾಡಿ ಹೀಗೇ ಮಾಡುತ್ತದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿ ತೂತು ಕಟ್ಟಿಕೊಂಡರೂ ಹೀಗೇ ಮಾಡುತ್ತದೆ. ಕಳಚಿ ಗುಜರಿಗೆ ಹಾಕಿದ ಕಾಯಿಲ್‌ಗಳಲ್ಲಿ ಎಷ್ಟೋ ಒಳಗೆ ಗಟ್ಟಿಯಾಗಿಯೇ ಇರುತ್ತವೆ. ಕೆಟ್ಟಿರುವುದು ತುದಿಗಳಲ್ಲಿ: ಪ್ಲಗ್ ವಯರಿನ ಬುಡ, ಟರ್ಮಿನಲ್, ಆ ವಯರು ಕೂರುವ ಬೇಕಲೈಟ್ ಮೂತಿ. ಇವನ್ನೆಲ್ಲ ಮನೆಯಲ್ಲೇ ಸರಿಮಾಡಿಕೊಳ್ಳಬಹುದು. ಒಳಗಿನ ತೆಳು ಸುತ್ತು ಸುಟ್ಟಿದ್ದರೆ ಮಾತ್ರ ರಿಪೇರಿಯ ಆಸೆ ಬಿಡಬೇಕು. ಇವೆರಡರಲ್ಲಿ ಯಾವುದು ಎಂದು ಗೊತ್ತುಮಾಡಿಕೊಳ್ಳುವುದೇ ಈ ಕೆಲಸದ ಮುಕ್ಕಾಲು ಪಾಲು.

ಇಲ್ಲಿ ಹೇಳುವುದು ಪಾಯಿಂಟ್ (ಇಂಜಿನ್ ತಿರುಗಿದಂತೆ ಕೂಡಿ ಬಿಡುತ್ತ ಕಾಯಿಲಿನ ಕರೆಂಟ್ ಕತ್ತರಿಸುವ ಚಿಕ್ಕ ಸ್ವಿಚ್) ಇರುವ, ಬ್ಯಾಟರಿಯಿಂದ ಕಿಡಿ ಪಡೆಯುವ ಗಾಡಿಗಳಿಗೆ. ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ 250 ಸಿಸಿ ಜಾವಾಗಳು, 1973ರಿಂದ ಯೆಜ್ಡಿ ಹೆಸರಿನಲ್ಲಿ ಬಂದವು, 1978ರ ನಂತರದ ರೋಡ್‌ಕಿಂಗ್‌ಗಳಲ್ಲಿ ಪಾಯಿಂಟ್ ಇರುವಂಥವು ಇದರಲ್ಲಿ ಸೇರುತ್ತವೆ. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಗಾಡಿಯಲ್ಲಿ ಮೂಲದ ಕಾಯಿಲೇ ಇದ್ದರೆ ಅದಕ್ಕೆ ಕಡಿಮೆಯೆಂದರೂ ಕಾಲು ಶತಮಾನದ ವಯಸ್ಸು. ಪಾಯಿಂಟ್ ಬದಲು ಸಿಡಿಐ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೂರಿಸಿರುವ ಗಾಡಿಗೆ ಇಲ್ಲಿನ ಅಳತೆಗಳನ್ನು ಹಚ್ಚಬೇಡಿ. ಅದರ ಕಾಯಿಲ್ ಬೇರೆ ಜಾತಿಯದು, ಪ್ರೈಮರಿ, ಅಂದರೆ ಒಳಗಿನ ದಪ್ಪ ತಂತಿಯ ಸುತ್ತು, ಒಂದು ಓಮ್‌ಗಿಂತಲೂ ಕಡಿಮೆ ಇರುತ್ತದೆ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಲು ಬರುವುದಿಲ್ಲ.

ಕಾಯಿಲ್ ಒಳಗೆ ನಡೆಯುವುದೇನು

ತೆಳು ಕಬ್ಬಿಣದ ಪಟ್ಟಿಗಳ ಒಂದು ಕಂತೆ, ಅದಕ್ಕೆ ಸುತ್ತಿದ ಎರಡು ತಾಮ್ರದ ತಂತಿ, ಇಷ್ಟೇ ಕಾಯಿಲ್. ದಪ್ಪ ತಂತಿ ಕೆಲವು ನೂರು ಸುತ್ತು, ಇದು ಪ್ರೈಮರಿ. ತಲೆಗೂದಲಿನಷ್ಟು ತೆಳ್ಳಗಿನ ತಂತಿ ಹದಿನೈದು ಇಪ್ಪತ್ತು ಸಾವಿರ ಸುತ್ತು, ಇದು ಸೆಕೆಂಡರಿ. ಪಾಯಿಂಟ್ ಕೂಡಿದ್ದಾಗ ದಪ್ಪ ತಂತಿಯಲ್ಲಿ ಸುಮಾರು 4 ಆಂಪಿಯರ್ ಹರಿದು ಕಬ್ಬಿಣದಲ್ಲಿ ಕಾಂತಶಕ್ತಿ ತುಂಬುತ್ತದೆ. ಪಾಯಿಂಟ್ ಬಿಟ್ಟುಕೊಂಡ ಕ್ಷಣ ಅದು ಕುಸಿಯುತ್ತದೆ. ಆ ಕುಸಿತದಿಂದ ತೆಳು ತಂತಿಯಲ್ಲಿ ಹತ್ತು ಹದಿನೈದು ಸಾವಿರ ವೋಲ್ಟ್ ಎದ್ದು ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ಕುಸಿತ ಎಷ್ಟು ಥಟ್ಟನೆ ಆದರೆ ಕಿಡಿ ಅಷ್ಟು ಜೋರು. ಥಟ್ಟನೆ ಆಗುವಂತೆ ನೋಡಿಕೊಳ್ಳುವುದು ಕಂಡೆನ್ಸರ್. ಅದು ಸೋತರೆ ಪಾಯಿಂಟ್ ಬಿಟ್ಟರೂ ಕರೆಂಟ್ ಪೂರ್ತಿ ನಿಲ್ಲದೆ ಬೆಂಕಿಯಾಗಿ ಪಾಯಿಂಟಿನ ಸಂದಿಯಲ್ಲೇ ದಾಟುತ್ತದೆ, ಪ್ಲಗ್ಗಿಗೆ ಏನೂ ಉಳಿಯುವುದಿಲ್ಲ. ಕಂಡೆನ್ಸರ್ ತಪ್ಪಿಗೆ ಕಾಯಿಲ್ ತೆಗೆದು ಹಾಕುವುದು ಹೀಗೆ.

ಟೂ ಸ್ಟ್ರೋಕ್ ಇಂಜಿನ್ನಿಗೆ ಪ್ರತಿ ಸುತ್ತಿಗೂ ಒಂದು ಕಿಡಿ ಬೇಕು. 4000 ಆರ್‌ಪಿಎಂನಲ್ಲಿ ಸೆಕೆಂಡಿಗೆ 66 ಕಿಡಿ, ಅಷ್ಟೇ ವೇಗದ ಫೋರ್ ಸ್ಟ್ರೋಕ್‌ಗಿಂತ ಎರಡು ಪಟ್ಟು. ಕಾಯಿಲ್ ಬಿಸಿಯಾಗುವುದು ಸಹಜ. ಆದರೆ ಅದನ್ನು ನಿಜವಾಗಿ ಸುಡುವುದು ಓಡಿಸುವುದಲ್ಲ, ಕೀ ಆನ್‌ನಲ್ಲೇ ಬಿಟ್ಟು ಗಾಡಿ ನಿಲ್ಲಿಸುವುದು. ಪಾಯಿಂಟ್ ಕೂಡಿದ ಜಾಗದಲ್ಲಿ ಇಂಜಿನ್ ನಿಂತಿದ್ದರೆ 4 ಆಂಪಿಯರ್ ಬಿಡುವಿಲ್ಲದೆ ಹರಿಯುತ್ತದೆ. ಅರ್ಧ ಗಂಟೆಯಲ್ಲಿ ಕಾಯಿಲ್ ಮುಟ್ಟಲಾಗದಷ್ಟು ಕಾಯುತ್ತದೆ, ಸುತ್ತುಗಳ ನಡುವಿನ ವಾರ್ನಿಷ್ ಕರಕಲಾಗುತ್ತದೆ. ಚಹಾ ಕುಡಿಯಲು ಇಳಿದಾಗ ಕೀ ತೆಗೆದುಕೊಳ್ಳುವ ಅಭ್ಯಾಸ ಮಾಡಿಕೊಂಡರೆ ಕಾಯಿಲ್ ಇನ್ನೆಷ್ಟೋ ವರ್ಷ ಬಾಳುತ್ತದೆ.

ಕಳಚುವ ಮೊದಲು

ಗಾಡಿ ದಾರಿಯಲ್ಲಿ ನಿಂತ ತಕ್ಷಣ, ಬಿಸಿ ಆರುವ ಮುಂಚೆಯೇ ನೋಡಬೇಕಾದ್ದು ಎರಡು. ಟ್ಯಾಂಕಿನ ಮುಚ್ಚಳ ತೆಗೆದು ಮತ್ತೆ ಹಾಕಿ ಕಿಕ್ ಹೊಡೆಯಿರಿ. ಎದ್ದರೆ ದೋಷ ಗಾಳಿ ತೂತಿನದು, ಕಾಯಿಲ್ ಮುಟ್ಟುವ ಅಗತ್ಯವೇ ಇಲ್ಲ. ಏಳದಿದ್ದರೆ ಪೆಟ್ರೋಲ್ ಟ್ಯಾಂಕಿನ ನಲ್ಲಿಯನ್ನು ಮುಚ್ಚಿ, ಜೇಬಿನಲ್ಲಿ ಇಟ್ಟುಕೊಂಡ ಒಳ್ಳೆಯ ಪ್ಲಗ್ ಒಂದನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಮೈಯನ್ನು ಸಿಲಿಂಡರ್ ಹೆಡ್ಡಿನ ರೆಕ್ಕೆಗೆ ಒತ್ತಿಹಿಡಿದು ಕಿಕ್ ಮಾಡಿ. ಹೆಡ್ಡಿನಲ್ಲಿರುವ ಪ್ಲಗ್ ಹಾಗೇ ಇರಲಿ. ಅದನ್ನು ಬಿಚ್ಚಿ ತೂತಿನ ಪಕ್ಕದಲ್ಲೇ ಕಿಡಿ ನೋಡಿದರೆ ಒಳಗಿಂದ ಚಿಮ್ಮುವ ಪೆಟ್ರೋಲ್ ಆವಿ ಹೊತ್ತಿಕೊಳ್ಳುತ್ತದೆ. ಹೊಸ ಪ್ಲಗ್ಗಿನಲ್ಲಿ ದಪ್ಪ ನೀಲಿ ಕಿಡಿ ಬಂದರೆ ಇಂಜಿನ್ನಿನಲ್ಲಿರುವ ಪ್ಲಗ್ ಎಣ್ಣೆ ಕುಡಿದು ಕಪ್ಪಾಗಿದೆ ಎಂದರ್ಥ, ಇಲ್ಲವೇ ತೊಂದರೆ ಪೆಟ್ರೋಲ್ ಕಡೆಯದು.

ಕಿಡಿ ಇಲ್ಲ, ಅಥವಾ ಕೆಂಪಗೆ ಎಳೆಯಂತೆ ಬರುತ್ತಿದೆ. ಈಗ ಬಲಗಡೆಯ ಕವರ್ ಬಿಚ್ಚಿ. ಡೈನಮೋ, ಪಾಯಿಂಟ್, ಕಂಡೆನ್ಸರ್ ಮೂರೂ ಅಲ್ಲೇ ಇವೆ. ಪಾಯಿಂಟ್ ಪೂರ್ತಿ ಬಿಟ್ಟುಕೊಂಡ ಜಾಗಕ್ಕೆ ಇಂಜಿನ್ ತಿರುಗಿಸಿ ಸಂದಿಯನ್ನು ಫೀಲರ್ ಗೇಜಿನ ತೆಳು ಪಟ್ಟಿಯಲ್ಲಿ ಅಳೆಯಿರಿ: 0.4 ಮಿಲಿಮೀಟರ್ ಇರಬೇಕು. ಮುಖ ಕರ್ರಗಿದ್ದರೆ ತುಂಬ ನಯವಾದ ಉಪ್ಪುಕಾಗದದಲ್ಲಿ ಎರಡು ಎಳೆತ, ಆಮೇಲೆ ಬಿಳಿ ಕಾಗದದ ಚೂರನ್ನು ನಡುವೆ ಇಟ್ಟು ಎಳೆಯಿರಿ. ಕಾಗದಕ್ಕೆ ಕಪ್ಪು ಅಂಟುವುದು ನಿಲ್ಲುವವರೆಗೆ ಮಾಡಬೇಕು. ಕ್ರ್ಯಾಂಕಿನ ಬಲಗಡೆಯ ಆಯಿಲ್ ಸೀಲ್ ಸೋತಿದ್ದರೆ ಎಣ್ಣೆ ಮಂಜು ಪಾಯಿಂಟ್ ಮೇಲೆ ಕೂರುತ್ತಲೇ ಇರುತ್ತದೆ. ಎಷ್ಟು ಸಲ ಉಜ್ಜಿದರೂ ವಾರದಲ್ಲಿ ಮತ್ತೆ ಕರ್ರಗಾಗುತ್ತದೆ. ಆಗ ಸೀಲ್ ಬದಲಾಯಿಸದೆ ಬೇರೆ ದಾರಿಯಿಲ್ಲ.

ಮಬ್ಬು ಬೆಳಕಿನಲ್ಲಿ ಕಿಕ್ ಮಾಡುತ್ತ ಪಾಯಿಂಟನ್ನೇ ನೋಡಿ. ಚಿಕ್ಕ ಚುಕ್ಕಿಯಷ್ಟು ಕಿಡಿ ಸಹಜ. ನೀಲಿ ಬೆಂಕಿ ಪಟಪಟ ಹಾರುತ್ತಿದ್ದರೆ ಕಂಡೆನ್ಸರ್ ಸತ್ತಿದೆ. ಖಾತ್ರಿಗೆ ಹಳೆಯ ಕಂಡೆನ್ಸರಿನ ವಯರು ಬಿಚ್ಚಿಟ್ಟು, 0.2ರಿಂದ 0.3 ಮೈಕ್ರೊಫ್ಯಾರಡ್‌ನ ಒಳ್ಳೆಯದೊಂದನ್ನು ಪಾಯಿಂಟ್ ವಯರಿಗೂ ಇಂಜಿನ್ ಮೈಗೂ ನಡುವೆ ಕಟ್ಟಿ. ಹಳೆಯದನ್ನು ಬಿಚ್ಚದೆ ಪಕ್ಕಕ್ಕೆ ಇನ್ನೊಂದನ್ನು ಸೇರಿಸಿದರೆ ಸಾಲದು. ಹಳೆಯದು ಒಳಗೇ ಸೋರುತ್ತಿದ್ದರೆ ಎರಡನೆಯದರಿಂದ ಏನೂ ಪ್ರಯೋಜನವಾಗುವುದಿಲ್ಲ.

ಇನ್ನೊಂದು ಮುಖ್ಯ ಅಳತೆ. ಕೀ ಆನ್ ಮಾಡಿ, ಪಾಯಿಂಟ್ ಕೂಡಿದ ಜಾಗದಲ್ಲಿ ಇಂಜಿನ್ ನಿಲ್ಲಿಸಿ, ಕಾಯಿಲ್‌ಗೆ ಕರೆಂಟ್ ಬರುವ ಟರ್ಮಿನಲ್ಲಿಗೂ ಫ್ರೇಮಿಗೂ ವೋಲ್ಟ್ ನೋಡಿ. ಅದೇ ಹೊತ್ತಿಗೆ ಬ್ಯಾಟರಿಯಲ್ಲಿ 6.2 ಇದ್ದು ಕಾಯಿಲ್ ಹತ್ತಿರ 5 ಅಷ್ಟೇ ಸಿಕ್ಕರೆ ನಡುವಿನ ಕೀ ಸ್ವಿಚ್ ಅಥವಾ ವಯರು ಕರೆಂಟ್ ತಿನ್ನುತ್ತಿದೆ. 6 ವೋಲ್ಟಿನ ಗಾಡಿಗೆ ಇದು ದೊಡ್ಡ ಹೊಡೆತ. ಕಾಯಿಲ್ 1.5 ಓಮ್ ಇದ್ದಾಗ ಕಿಲುಬು ಹಿಡಿದ ಸ್ವಿಚ್ಚಿನಲ್ಲಿ ಬರೇ 0.3 ಓಮ್ ಸೇರಿಕೊಂಡರೂ ಕರೆಂಟ್ 4ರಿಂದ 3.3 ಆಂಪಿಯರಿಗೆ ಇಳಿಯುತ್ತದೆ. ಕಿಡಿಯ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಸುಮಾರು ಶೇಕಡ 30ರಷ್ಟು ನಷ್ಟ. ಈ ಅಳತೆಯನ್ನು ಅರ್ಧ ನಿಮಿಷದಲ್ಲಿ ಮುಗಿಸಿ ಕೀ ತೆಗೆಯಿರಿ.

ಕಾಯಿಲ್ ಕಳಚಿ ಅಳೆಯುವುದು

ಕಾಯಿಲ್ ಎಲ್ಲಿದೆ ಎನ್ನುವುದು ಮಾಡೆಲ್ಲಿಂದ ಮಾಡೆಲ್ಲಿಗೆ ಬೇರೆ, ಹಿಂದಿನ ಮಾಲೀಕರು ಜಾಗ ಬದಲಿಸಿರುವುದೂ ಉಂಟು. ಪ್ಲಗ್ ವಯರನ್ನೇ ಹಿಡಿದುಕೊಂಡು ಹೋದರೆ ಸಿಕ್ಕುತ್ತದೆ. ಮೊದಲು ಬ್ಯಾಟರಿಯ ವಯರು ಬಿಚ್ಚಿ. ಕಾಯಿಲಿನ ಎರಡು ಸಣ್ಣ ವಯರುಗಳಿಗೆ ಗುರುತಿನ ಟೇಪ್ ಸುತ್ತಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಆಮೇಲೆ ಕಳಚಿ. ಯೂರೋಪಿನ ಗುರುತಿರುವ ಕಾಯಿಲ್‌ನಲ್ಲಿ 15 ಎಂದಿದ್ದರೆ ಕೀ ಸ್ವಿಚ್ಚಿನಿಂದ ಬರುವುದು, 1 ಎಂದಿದ್ದರೆ ಪಾಯಿಂಟಿಗೆ ಹೋಗುವುದು, 4 ಎಂದಿದ್ದರೆ ಪ್ಲಗ್ ವಯರು. ಎಸ್‌ಡಬ್ಲ್ಯೂ, ಸಿಬಿ ಎಂದು ಬರೆದಿದ್ದರೆ ಮೊದಲನೆಯದು ಸ್ವಿಚ್, ಎರಡನೆಯದು ಪಾಯಿಂಟ್.

ಬಟ್ಟೆಯಲ್ಲಿ ಒರೆಸಿ, ಮಲ್ಟಿಮೀಟರನ್ನು 200 ಓಮ್‌ಗೆ ಇಡಿ. ಎರಡು ಕಡ್ಡಿಗಳನ್ನೂ ಒಂದಕ್ಕೊಂದು ಮುಟ್ಟಿಸಿದಾಗ ಮೀಟರ್ 0.3, 0.4 ಎಂದು ಏನೋ ತೋರಿಸುತ್ತದೆ. ಅದು ಮೀಟರಿನ ವಯರುಗಳದ್ದೇ, ಬಂದ ಲೆಕ್ಕದಲ್ಲಿ ಕಳೆಯಬೇಕು. 6 ವೋಲ್ಟ್ ಕಾಯಿಲಿನ ಪ್ರೈಮರಿ ಸಾಮಾನ್ಯವಾಗಿ 1ರಿಂದ 1.8 ಓಮ್, 12 ವೋಲ್ಟಿನದು 3ರಿಂದ 4.5 ಓಮ್. ಇಷ್ಟು ಚಿಕ್ಕ ಅಂಕಿಯನ್ನು ಅಗ್ಗದ ಮೀಟರ್ ಸರಿಯಾಗಿ ಹೇಳುವುದಿಲ್ಲ, ಅದಕ್ಕೊಂದು ನಂಬಿಕೆಯ ಉಪಾಯ ಇದೆ. 6 ವೋಲ್ಟ್ ಬ್ಯಾಟರಿ, 6 ವೋಲ್ಟ್ 18 ವ್ಯಾಟಿನ ಬ್ರೇಕ್ ಲೈಟ್ ಬಲ್ಬು, ಕಾಯಿಲಿನ ಪ್ರೈಮರಿ, ಮೂರನ್ನೂ ಒಂದರ ಹಿಂದೊಂದು ಕಟ್ಟಿ. ಹರಿಯುವ ಆಂಪಿಯರ್ ಒಂದು ಸಲ ಅಳೆಯಿರಿ, ಕಾಯಿಲಿನ ಎರಡು ಟರ್ಮಿನಲ್ ನಡುವಿನ ವೋಲ್ಟ್ ಇನ್ನೊಂದು ಸಲ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್ ಬಂತು. 3 ವೋಲ್ಟ್, 2 ಆಂಪಿಯರ್ ಬಂದರೆ 1.5 ಓಮ್, ಕಾಯಿಲ್ ಸರಿ ಇದೆ.

ಇನ್ನು ಮೀಟರನ್ನು 20 ಕಿಲೊಓಮ್‌ಗೆ ತಿರುಗಿಸಿ, ಒಂದು ಕಡ್ಡಿ ಪ್ಲಗ್ ವಯರು ಕೂರುವ ಮೂತಿಯ ಒಳಗಿನ ಹಿತ್ತಾಳೆಗೆ, ಇನ್ನೊಂದು ಕಡ್ಡಿ ಯಾವುದಾದರೂ ಸಣ್ಣ ಟರ್ಮಿನಲ್ಲಿಗೆ. 5ರಿಂದ 10 ಕಿಲೊಓಮ್ ಮಾಮೂಲು, ಕೆಲವು ಇನ್ನೂ ಹೆಚ್ಚಿರುತ್ತವೆ. ವಯರಿನ ತುದಿಯಲ್ಲಿ ಕ್ಯಾಪ್ ಇಟ್ಟುಕೊಂಡೇ ಅಳೆದರೆ ಕ್ಯಾಪಿನೊಳಗಿನ ರೆಸಿಸ್ಟರ್, ಸಾಮಾನ್ಯವಾಗಿ 5 ಕಿಲೊಓಮ್, ಅದೂ ಸೇರಿಬಿಡುತ್ತದೆ. ಎಷ್ಟೋ ಸಲ ಕಾಯಿಲ್ ಸರಿಯಿದ್ದು ಆ ಕ್ಯಾಪೇ ಒಳಗೆ ಬಿಟ್ಟುಕೊಂಡಿರುತ್ತದೆ, ಹಾಗಾಗಿ ಅದನ್ನು ಬೇರೆಯಾಗಿ ಅಳೆಯಿರಿ. ಮೀಟರ್ ಏನನ್ನೂ ತೋರಿಸದಿದ್ದರೆ ಸೆಕೆಂಡರಿ ತುಂಡಾಗಿದೆ. ಕೊನೆಗೆ ಸಣ್ಣ ಟರ್ಮಿನಲ್ಲಿಗೂ ಕಾಯಿಲಿನ ಲೋಹದ ಡಬ್ಬಕ್ಕೂ ನಡುವೆ ನೋಡಿ: ಏನೂ ತೋರಿಸಬಾರದು. ಪರಿಚಯದ ಮೋಟರ್ ರಿವೈಂಡಿಂಗ್ ಅಂಗಡಿ ಇದ್ದರೆ ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರ್‌ನಲ್ಲಿ ಇದನ್ನೇ ನೋಡಿಸಿ. ಪಂಪ್‌ಸೆಟ್ಟಿನ ದಯದಿಂದ ಮಂಡ್ಯ ಸೀಮೆಯಲ್ಲಿ ಇಂಥ ಅಂಗಡಿಗಳಿಗೆ ಬರವಿಲ್ಲ, ಮೆಗ್ಗರ್ ಹಿಡಿಯಲು ಎರಡು ನಿಮಿಷ ಸಾಕು.

ಅಂಕಿಗಳೆಲ್ಲ ಸರಿಬಂದರೂ ಕಾಯಿಲ್ ಗೆದ್ದಿತು ಎನ್ನುವಂತಿಲ್ಲ. ಇಪ್ಪತ್ತು ಸಾವಿರ ಸುತ್ತಿನಲ್ಲಿ ಐವತ್ತು ಸುತ್ತು ಒಂದಕ್ಕೊಂದು ಅಂಟಿಕೊಂಡರೆ ಓಮ್ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ಆದರೆ ಅಂಟಿಕೊಂಡ ಆ ಐವತ್ತು ಸುತ್ತು ಕಾಂತಶಕ್ತಿಯನ್ನೆಲ್ಲ ತಾವೇ ನುಂಗಿ ಬಿಸಿಯಾಗುತ್ತವೆ. ಅದನ್ನು ಹಿಡಿಯುವುದು ಕಿಡಿಯ ಪರೀಕ್ಷೆಯೊಂದೇ.

ಹಲಗೆಯ ಮೇಲೆ ಕಿಡಿ

ಒಣಗಿದ ಮರದ ಹಲಗೆಗೆ ಎರಡು ಮೊಳೆ ಹೊಡೆಯಿರಿ. ತುದಿಗೆ ತುದಿ 6 ಮಿಲಿಮೀಟರ್ ದೂರ ಬರುವಂತೆ ಬಗ್ಗಿಸಿಕೊಳ್ಳಿ. ಒಂದು ಮೊಳೆಗೆ ಪ್ಲಗ್ ವಯರು. ಇನ್ನೊಂದು ಮೊಳೆ, ಕಾಯಿಲಿನ ಡಬ್ಬ, ಬ್ಯಾಟರಿಯ ನೆಗೆಟಿವ್, ಇವು ಮೂರನ್ನೂ ಒಂದೇ ವಯರಿನಲ್ಲಿ ಕೂಡಿಸಿ. ಬ್ಯಾಟರಿಯ ಪಾಸಿಟಿವ್ ಕಾಯಿಲಿನ 15ಕ್ಕೆ. ಕಂಡೆನ್ಸರಿನ ವಯರು 1ಕ್ಕೆ, ಅದರ ಡಬ್ಬ ನೆಗೆಟಿವ್‌ಗೆ. ಈಗ 1ರಿಂದ ಇನ್ನೊಂದು ವಯರು ತೆಗೆದು ಬ್ಯಾಟರಿಯ ನೆಗೆಟಿವ್‌ಗೆ ಅರೆಕ್ಷಣ ಮುಟ್ಟಿಸಿ ಸರಕ್ಕನೆ ಬಿಡಿಸಿ. ಬಿಡಿಸಿದಾಗಲೆಲ್ಲ ಮೊಳೆಗಳ ನಡುವೆ ಕಿಡಿ ಬರಬೇಕು, ಮುಟ್ಟಿಸಿದಾಗಲ್ಲ. ವಯರಿನ ಪ್ಲಾಸ್ಟಿಕ್ ಭಾಗವನ್ನೇ ಹಿಡಿದುಕೊಳ್ಳಿ, ಹಲಗೆಯ ಹತ್ತಿರ ಪೆಟ್ರೋಲ್ ಡಬ್ಬ, ಒದ್ದೆ ಬಟ್ಟೆ ಇರಬಾರದು. ಬ್ಯಾಟರಿಯಿಂದಲೂ ಗ್ಯಾಸ್ ಬರುವುದರಿಂದ ಮೊಳೆಗಳು ಅದರಿಂದ ಎರಡಡಿ ದೂರ ಇರಲಿ, ಮುಟ್ಟಿಸುವ ಬಿಂದುವನ್ನೂ ಒಂದು ವಯರು ಎಳೆದು ದೂರ ತಂದುಕೊಳ್ಳಿ.

ಒಳ್ಳೆಯ ಕಾಯಿಲ್ ಪ್ರತಿ ಸಲವೂ, ಹತ್ತಕ್ಕೆ ಹತ್ತು ಸಲ, ಚಟ್ ಎಂದು ಸದ್ದುಮಾಡುವ ನೀಲಿ ಕಿಡಿ ಕೊಡುತ್ತದೆ. 6 ಮಿಲಿಮೀಟರ್ ದಾಟದೆ 3ಕ್ಕೆ ಮಾತ್ರ ದಾಟುವುದು, ಕೆಂಪು ಹಳದಿ ಎಳೆಯಂತೆ ಬರುವುದು, ಮೂರು ಸಲಕ್ಕೊಮ್ಮೆ ತಪ್ಪುವುದು ಒಳಗಿನ ಸುತ್ತು ಅಂಟಿಕೊಂಡಿರುವ ಗುರುತು. ಕಂಡೆನ್ಸರ್ ಇಲ್ಲದೆ ಈ ಪರೀಕ್ಷೆ ಮಾಡಿದರೆ ಎಂಥ ಕಾಯಿಲ್ ಆದರೂ ಬಡಕಲು ಕಿಡಿಯನ್ನೇ ಕೊಡುತ್ತದೆ. ಒಳ್ಳೆಯ ಕಾಯಿಲ್ ಬಿಸಾಡಲು ಇದೂ ಒಂದು ಕಾರಣ. ಪ್ಲಗ್ ವಯರನ್ನು ಎಲ್ಲಿಗೂ ಕಟ್ಟದೆ ಗಾಳಿಯಲ್ಲಿ ಬಿಟ್ಟು ಮಾತ್ರ ಪರೀಕ್ಷೆ ಮಾಡಬೇಡಿ. ಹೊರಗೆ ದಾರಿ ಸಿಗದ ವೋಲ್ಟು ಒಳಗೇ ಇನ್ಸುಲೇಷನ್ ತೂತುಮಾಡಿಕೊಂಡು ದಾರಿ ಹುಡುಕುತ್ತದೆ.

ಬಿಸಿಯಾದಾಗ ಮಾತ್ರ ಕೈಕೊಡುವ ಕಾಯಿಲ್‌ಗೆ ಇನ್ನೊಂದು ಹೆಜ್ಜೆ. ಕಾಯಿಲನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ, ಬಚ್ಚಲ ಹಂಡೆಯ ನೀರಿನಷ್ಟು ಬಿಸಿ, ಅಂದರೆ 60ರಿಂದ 70 ಡಿಗ್ರಿಯ ನೀರಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿಡಿ. ಹೊರತೆಗೆದು ಒಣಗಿದೆಯೇ ನೋಡಿಕೊಂಡು ತಕ್ಷಣ ಹಲಗೆಯ ಮೇಲೆ ಕಟ್ಟಿ ಕಿಡಿ ನೋಡಿ. ತಣ್ಣಗಿದ್ದಾಗ ಹತ್ತಕ್ಕೆ ಹತ್ತು ಕೊಟ್ಟಿದ್ದು ಈಗ ನಾಲ್ಕು ಕೊಟ್ಟರೆ ಬೆಟ್ಟದ ದಾರಿಯಲ್ಲಿ ಗಾಡಿ ನಿಲ್ಲಿಸಿದ್ದು ಇದೇ. ಬಿಸಿಯಲ್ಲಿ ಓಮ್ ಏರಿದ್ದಕ್ಕೆ ಮಾತ್ರ ಗಾಬರಿ ಬೇಡ. ತಾಮ್ರದ ತಡೆ ಪ್ರತಿ ಡಿಗ್ರಿಗೆ ಸುಮಾರು ಶೇಕಡ 0.39 ಹೆಚ್ಚುತ್ತದೆ. 25 ಡಿಗ್ರಿಯಲ್ಲಿ 7 ಕಿಲೊಓಮ್ ಇದ್ದದ್ದು 65 ಡಿಗ್ರಿಯಲ್ಲಿ 8ರ ಆಸುಪಾಸಿಗೆ ಬರುವುದು ಅದರ ಗುಣ. 7 ಇದ್ದದ್ದು 20 ಆದರೆ, ಅಥವಾ ಅಂಕಿ ನಿಲ್ಲದೆ ಕುಣಿದರೆ, ಒಳಗೆಲ್ಲೋ ತಂತಿ ತುಂಡಾಗಿ ತುದಿಗಳು ಬರೇ ತಾಕಿಕೊಂಡಿವೆ.

ಸರಿಮಾಡಬಹುದಾದ್ದು

ಪ್ಲಗ್ ವಯರಿನ ಬುಡದಿಂದ ಶುರುಮಾಡಿ. ವಯರನ್ನು ತಿರುಗಿಸಿ ಹೊರತೆಗೆದು ತುದಿ ನೋಡಿದರೆ ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿದು ಪುಡಿಯಾಗಿರುವುದು ಮಾಮೂಲು. ಒಂದು ಸೆಂಟಿಮೀಟರ್ ಕತ್ತರಿಸಿ. ಹೊಳೆಯುವ ತಾಮ್ರ ಸಿಗದಿದ್ದರೆ ಇನ್ನೊಂದು ಸೆಂಟಿಮೀಟರ್. ಅಷ್ಟರಲ್ಲೂ ಸಿಗದಿದ್ದರೆ ವಯರೇ ಹೊಸದಾಗಲಿ: 7 ಮಿಲಿಮೀಟರ್ ದಪ್ಪದ, ಒಳಗೆ ತಾಮ್ರದ ಎಳೆ ಇರುವಂಥದು. ಈಗಿನ ಕಾರುಗಳ ಕಾರ್ಬನ್ ಎಳೆಯ ವಯರು ಇದಕ್ಕೆ ಬೇಡ, ಮೂತಿಯೊಳಗಿನ ಸ್ಕ್ರೂ ಅದನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ವಯರು ಸ್ಕ್ರೂವಿನ ನಡುಮಧ್ಯಕ್ಕೆ ಕೂರಬೇಕು. ಓರೆಯಾದರೆ ಸ್ಕ್ರೂ ತಾಮ್ರಕ್ಕೆ ತಾಕದೆ ರಬ್ಬರಿಗೆ ಇಳಿಯುತ್ತದೆ. ಕೂರಿಸಿದ ಮೇಲೆ ಮತ್ತೊಮ್ಮೆ ಓಮ್ ನೋಡಿ, ವಯರನ್ನು ಅಲ್ಲಾಡಿಸುತ್ತ ನೋಡಿ.

ಎರಡನೆಯದು ಬೇಕಲೈಟ್ ಮೂತಿಯ ಮೇಲಿನ ಸೀಳು. ಆಷಾಢದ ಜಿಟಿಜಿಟಿ ಮಳೆಯಲ್ಲಿ, ನಾಲೆ ದಂಡೆಯ ಕೆಸರಿನಲ್ಲಿ ಓಡಾಡಿದ ಗಾಡಿಗಳಲ್ಲಿ ಇದು ಹೆಚ್ಚು. ಕೂದಲೆಳೆಯ ಬಿರುಕಿನಲ್ಲಿ ತೇವ ಸೇರಿ, ಅದರ ಮೇಲೆ ಕಿಡಿ ಹರಿದು ಹರಿದು ಕಪ್ಪು ಗೆರೆಯೊಂದು ಮೂಡುತ್ತದೆ. ಆ ಗೆರೆ ಕಾರ್ಬನ್. ಒಮ್ಮೆ ಮೂಡಿತೆಂದರೆ ಬಿಸಿಲಿದ್ದರೂ ಕಿಡಿ ಪ್ಲಗ್ಗಿಗೆ ಹೋಗದೆ ಅದರ ಮೇಲೇ ಇಳಿದು ಹೋಗುತ್ತದೆ. ರಾತ್ರಿ ಲೈಟ್ ಆರಿಸಿ, ಹಲಗೆಯ ಮೇಲೆ ಪರೀಕ್ಷೆ ಮಾಡುವಾಗ ಮೂತಿಯ ಮೇಲೆ ನೋಡಿ: ನೀಲಿ ಹುಳು ಹರಿದಾಡಿದಂತೆ ಕಾಣುತ್ತದೆ.

ಇದನ್ನು ಸರಿಮಾಡುವಾಗ ಕಪ್ಪನ್ನು ಒರೆಸುವುದಲ್ಲ, ಕೆತ್ತಿ ತೆಗೆಯಬೇಕು. ಚೂಪಾದ ಬ್ಲೇಡಿನ ಮೂಲೆಯಿಂದ ಗೆರೆಯ ಉದ್ದಕ್ಕೂ ವಿ ಆಕಾರದ ಕಾಲುವೆ ಮಾಡಿ, ತಳದಲ್ಲಿ ಕಂದು ಬಣ್ಣದ ಶುದ್ಧ ಬೇಕಲೈಟ್ ಕಾಣುವವರೆಗೆ ಕೆತ್ತಿ. ಕಪ್ಪು ಬೇಕಲೈಟ್ ಆದರೆ ಬಣ್ಣದಿಂದ ಗೊತ್ತಾಗುವುದಿಲ್ಲ, ಸುಟ್ಟ ಮಬ್ಬು ಹೋಗಿ ಹೊಳಪು ಬರುವುದನ್ನು ನೋಡಬೇಕು. ಕೂದಲಷ್ಟು ಕಪ್ಪು ಉಳಿದರೂ ಎರಡು ತಿಂಗಳಲ್ಲಿ ಗೆರೆ ಮತ್ತೆ ಅಲ್ಲೇ ಬೆಳೆಯುತ್ತದೆ. ಸ್ಪಿರಿಟ್‌ನಲ್ಲಿ ತೊಳೆದು ಒಂದು ಗಂಟೆ ಒಣಗಲು ಬಿಡಿ. ಆಮೇಲೆ ನಿಧಾನವಾಗಿ ಗಟ್ಟಿಯಾಗುವ ಮಾಮೂಲಿ ಅರಾಲ್ಡೈಟ್‌ನ ಎರಡು ಟ್ಯೂಬುಗಳಿಂದ ಸಮಸಮ ತೆಗೆದು ಕಲಸಿ, ಗುಳ್ಳೆ ನಿಲ್ಲದಂತೆ ಸೂಜಿಯ ತುದಿಯಿಂದ ಕಾಲುವೆಗೆ ತುಂಬಿ. ಸುತ್ತ ಎರಡು ಮಿಲಿಮೀಟರ್ ಹೆಚ್ಚಾಗಿಯೇ ಹರಡಿ, ಪೂರ್ತಿ ಒಂದು ದಿನ ಮುಟ್ಟಬೇಡಿ. ಐದು ನಿಮಿಷದಲ್ಲಿ ಗಟ್ಟಿಯಾಗುವ ಬಗೆ ಇಂಜಿನ್ನಿನ ಬಿಸಿಗೆ ಮೆತ್ತಗಾಗುತ್ತದೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ಕೂಡ ಬೇಡ, ಅದರಿಂದ ಬರುವ ಆ್ಯಸಿಡ್ ತಾಮ್ರವನ್ನು ತಿನ್ನುತ್ತದೆ.

ಮೂರನೆಯದು ಅಲುಗಾಡುವ ಟರ್ಮಿನಲ್. ಸ್ಕ್ರೂ ಬಿಗಿಮಾಡುವ ಭರದಲ್ಲಿ ಹಿತ್ತಾಳೆಯ ಕಂಬವೇ ತಿರುಗಿ, ಅದರಡಿಯ ಪ್ರೈಮರಿ ತಂತಿ ತುಂಡಾಗಿರುತ್ತದೆ. ತಂತಿಯ ತುದಿ ಮೂರು ನಾಲ್ಕು ಮಿಲಿಮೀಟರ್ ಕಣ್ಣಿಗೆ ಕಂಡರೂ ಸಾಕು. ಮೇಲಿನ ಎನಾಮಲ್ಲನ್ನು ಬ್ಲೇಡಿನಿಂದ ಕೆರೆದು ಹೊಳಪು ತಂದು, ತಗಡು ಬೆಸುಗೆಯ ತೆಳು ಲೇಪ ಕೊಟ್ಟು, ಅದಕ್ಕೊಂದು ಮೆತ್ತನೆಯ ಎಳೆವಯರು ಸೇರಿಸಿ ಹೊಸ ಟರ್ಮಿನಲ್ಲಿಗೆ ಎಳೆಯಿರಿ. 60 ವ್ಯಾಟಿನ ಬೆಸುಗೆ ಕಡ್ಡಿ, ರೋಸಿನ್ ಫ್ಲಕ್ಸ್ ಇರುವ 60/40 ಬೆಸುಗೆ ಸಾಕು. ತಗಡಿನ ಕೆಲಸದ ಆ್ಯಸಿಡ್ ಬಳಸಿದರೆ ಆರು ತಿಂಗಳಲ್ಲಿ ತಂತಿ ಅದೇ ಜಾಗದಲ್ಲಿ ಕೊಳೆಯುತ್ತದೆ. ಬೆಸುಗೆಯ ಮೇಲೆ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುವ ಫೈಬರ್ ಸ್ಲೀವ್ ಏರಿಸಿ, ಬುಡಕ್ಕೆ ಅರಾಲ್ಡೈಟ್ ಹಾಕಿ ಅಲುಗದಂತೆ ಮಾಡಿ. ವೈಬ್ರೇಷನ್ ತಡೆಯದ ಬೆಸುಗೆ ಟೂ ಸ್ಟ್ರೋಕ್ ಗಾಡಿಯಲ್ಲಿ ನಿಲ್ಲುವುದಿಲ್ಲ.

ನೀರು ಕುಡಿದ ಕಾಯಿಲನ್ನು ಒಣಗಿಸಬಹುದು. ಬಿಸ್ಕತ್ ಡಬ್ಬದಲ್ಲಿ ಇಟ್ಟು 60 ವ್ಯಾಟಿನ ಹಳೆಯ ಬಲ್ಬನ್ನು ಒಳಗೆ ಉರಿಸಿ, ಮುಚ್ಚಳ ಸ್ವಲ್ಪ ತೆರೆದಿಟ್ಟು ಏಳೆಂಟು ಗಂಟೆ ಬಿಡಿ. ಬಲ್ಬು ಕಾಯಿಲಿಗೆ ತಾಕಬಾರದು. ಮೋಟರ್ ವಾರ್ನಿಷ್ ಒಣಗಿಸುವ ಓವನ್ನಿಗೆ ಹಾಕುತ್ತೇವೆ ಎಂದರೆ ಒಪ್ಪಬೇಡಿ. ಹಳೆಯ ಕಾಯಿಲ್‌ಗಳೊಳಗೆ ಡಾಂಬರಿನಂಥ ವಸ್ತು ತುಂಬಿರುತ್ತದೆ, ನೂರು ಡಿಗ್ರಿಗೆ ಅದು ಕರಗಿ ಹರಿದು ಸುತ್ತುಗಳು ಬತ್ತಲಾಗುತ್ತವೆ.

ಸೆಕೆಂಡರಿ ತುಂಡಾದದ್ದು, ಸುತ್ತು ಅಂಟಿಕೊಂಡದ್ದು, ಡಬ್ಬದಿಂದ ಎಣ್ಣೆ ಜಿನುಗಿದ್ದು, ಈ ಮೂರಕ್ಕೆ ರಿಪೇರಿ ಇಲ್ಲ. ಪಂಪ್‌ಸೆಟ್ ಮೋಟರ್ ಸುತ್ತುವ ಕೈ ಎಷ್ಟೇ ಪಳಗಿದ್ದರೂ ಕೂದಲೆಳೆಯ ತಂತಿಯ ಇಪ್ಪತ್ತು ಸಾವಿರ ಸುತ್ತನ್ನು ಪದರಪದರಕ್ಕೂ ಕಾಗದವಿಟ್ಟು ಸುತ್ತಿ, ಗಾಳಿ ತೆಗೆದು ಎಣ್ಣೆ ತುಂಬುವುದು ಆ ಅಂಗಡಿಯ ಸಲಕರಣೆಗೆ ಒಗ್ಗುವ ಕೆಲಸವಲ್ಲ. ಹಾಗೆ ಸುತ್ತಿಸಿದ್ದು ಹಲಗೆಯ ಮೇಲೆ ಕಿಡಿ ಕೊಡುತ್ತದೆ, ದಾರಿಯಲ್ಲಿ ಕೈಕೊಡುತ್ತದೆ.

ಹೊಸದು ಹಾಕುವುದಾದರೆ

ಮೊದಲು ಗಾಡಿ 6 ವೋಲ್ಟಿನದೋ 12ರದೋ ಎಂದು ಬ್ಯಾಟರಿಯಲ್ಲಿ ಅಳೆದು ತಿಳಿದುಕೊಳ್ಳಿ. ಮಾರಿದವರ ಮಾತು ನಂಬಬೇಡಿ. 3 ಓಮಿನ 12 ವೋಲ್ಟ್ ಕಾಯಿಲನ್ನು 6 ವೋಲ್ಟ್ ಗಾಡಿಗೆ ಹಾಕಿದರೆ 2 ಆಂಪಿಯರ್ ಅಷ್ಟೇ ಹರಿಯುತ್ತದೆ. ಗಾಡಿ ಸ್ಟಾರ್ಟ್ ಆಗುತ್ತದೆ, ಹೆಡ್‌ಲೈಟ್ ಹಾಕಿ ಏರು ಹತ್ತುವಾಗ ಮಿಸ್ ಹೊಡೆಯುತ್ತದೆ. ಇದೇ ತಪ್ಪು ಎಲ್ಲಕ್ಕಿಂತ ಹೆಚ್ಚು ಕಾಣುವುದು. 6 ವೋಲ್ಟಿನದು ಸಿಗದಿದ್ದರೆ, ಹಳೆಯ ಕಾರು ಜೀಪುಗಳಿಗೆ ಬಲಾಸ್ಟ್ ರೆಸಿಸ್ಟರ್ ಜೊತೆ ಬಳಸುವ 1.5 ಓಮ್ ಪ್ರೈಮರಿಯ ಕಾಯಿಲ್ ಹುಡುಕಿ. ಅದರ ಮೇಲೆ 12 ವೋಲ್ಟ್ ಎಂದು ಬರೆದಿದ್ದರೂ ಅದು ನಿಜವಾಗಿ ದುಡಿಯುವುದು ಕಡಿಮೆ ವೋಲ್ಟಿನಲ್ಲಿ, ರೆಸಿಸ್ಟರ್ ಇಲ್ಲದೆ 6 ವೋಲ್ಟಿಗೆ ಸರಿಯಾಗಿ ಹೊಂದುತ್ತದೆ. ಅಂಗಡಿಯಲ್ಲೇ ಮೀಟರ್ ಹಿಡಿದು ಓಮ್ ನೋಡಿ ತನ್ನಿ.

ಗಾಡಿಯನ್ನು 12 ವೋಲ್ಟಿಗೆ ಬದಲಿಸಿ ಹಳೆಯ 6 ವೋಲ್ಟ್ ಕಾಯಿಲನ್ನೇ ಉಳಿಸಿಕೊಳ್ಳುವುದಾದರೆ 15ರ ವಯರಿಗೆ 1.5 ಓಮಿನ ರೆಸಿಸ್ಟರ್ ಸೇರಿಸಲೇಬೇಕು. ಇಲ್ಲದಿದ್ದರೆ 8 ಆಂಪಿಯರ್ ಹರಿದು ಪಾಯಿಂಟ್ ಸುಡುತ್ತದೆ. ಪಾಯಿಂಟ್ ಕೂಡಿ ನಿಂತಾಗ ಆ ರೆಸಿಸ್ಟರಿನಲ್ಲೇ 24 ವ್ಯಾಟ್ ಬಿಸಿ ಹುಟ್ಟುವುದರಿಂದ 50 ವ್ಯಾಟಿನದು ತಂದು, ವಯರು, ಟ್ಯಾಂಕ್ ಎರಡರಿಂದಲೂ ದೂರ, ಗಾಳಿ ಆಡುವ ಲೋಹದ ಮೇಲೆ ಕೂರಿಸಿ.

ಹಳೆಯ ಗಾಡಿಯ ಚಂದ ಕೆಡಬಾರದು ಎನ್ನುವವರು ಸತ್ತ ಕಾಯಿಲಿನ ಖಾಲಿ ಡಬ್ಬವನ್ನು ಅದರ ಜಾಗದಲ್ಲೇ ತೋರಿಕೆಗೆ ಬಿಟ್ಟು, ಹೊಸದನ್ನು ಸೈಡ್ ಬಾಕ್ಸಿನೊಳಗೆ ಮರೆಮಾಡಬಹುದು. ಪ್ಲಗ್ ವಯರು ಉದ್ದವಾದಷ್ಟೂ ಅದು ಎಲ್ಲಿಗೂ ಉಜ್ಜದಂತೆ ನೋಡಿಕೊಳ್ಳಬೇಕಾಗುತ್ತದೆ, ಅಷ್ಟೇ.

ಕೂರಿಸುವಾಗ ಕ್ಲ್ಯಾಂಪಿನ ಕೆಳಗಿನ ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗಿಸಿ. ಹೊಸದಾಗಿ ಪೌಡರ್ ಕೋಟಿಂಗ್ ಮಾಡಿಸಿದ ಫ್ರೇಮಿನಲ್ಲಿ ಅರ್ತ್ ಸಿಗದೆ ಪರದಾಡುವುದು ಸಾಮಾನ್ಯ. ಇಂಜಿನ್ನಿನಿಂದ ಫ್ರೇಮಿಗೂ ಅಲ್ಲಿಂದ ಬ್ಯಾಟರಿಗೂ ಒಂದೊಂದು ದಪ್ಪ ವಯರು ಎಳೆದುಬಿಟ್ಟರೆ ಚಿಂತೆ ಇಲ್ಲ. ಬ್ಯಾಟರಿಯ ನೆಗೆಟಿವ್ ಫ್ರೇಮಿಗೆ ಇದ್ದರೆ 15 ಸ್ವಿಚ್ಚಿಗೆ, 1 ಪಾಯಿಂಟಿಗೆ. ಪಾಸಿಟಿವ್ ಫ್ರೇಮಿಗೆ ಇದ್ದರೆ ಎರಡನ್ನೂ ಅದಲುಬದಲು ಮಾಡಿ. ಉಲ್ಟಾ ಕಟ್ಟಿದರೂ ಗಾಡಿ ಓಡುತ್ತದೆ, ಆದರೆ ಪ್ಲಗ್ಗಿನ ಬಿಸಿ ನಡುಕಡ್ಡಿಯಿಂದ ಹೊರಡಬೇಕಾದ ಕಿಡಿ ತಣ್ಣಗಿನ ಹೊರಕಡ್ಡಿಯಿಂದ ಹೊರಡಬೇಕಾಗಿ ಹೆಚ್ಚು ವೋಲ್ಟ್ ಕೇಳುತ್ತದೆ. ಬಿಗಿ ಮಾಡಿದ ಟರ್ಮಿನಲ್‌ಗಳಿಗೆ ಚೂರು ವ್ಯಾಸಲಿನ್ ಸವರಿ, ಮೂತಿಗೆ ರಬ್ಬರ್ ಟೋಪಿ ಹಾಕಿ.

ಪ್ಲಗ್ ಗ್ಯಾಪ್ 0.6 ಮಿಲಿಮೀಟರ್ ಇಟ್ಟು ಸ್ಟಾರ್ಟ್ ಮಾಡಿ ಹತ್ತು ಕಿಲೊಮೀಟರ್ ಓಡಿಸಿ, ಕೀ ತೆಗೆದು ಕಾಯಿಲ್ ಮೇಲೆ ಅಂಗೈ ಇಡಿ. ಹತ್ತು ಎಣಿಸುವವರೆಗೆ ಕೈ ಇಟ್ಟುಕೊಳ್ಳಲು ಆದರೆ ಸರಿ. ಚುರ್ ಎಂದು ಕೈ ತೆಗೆಯಬೇಕಾಯಿತೆಂದರೆ ಓಮ್ ಲೆಕ್ಕ ತಪ್ಪಿದೆ, ಇಲ್ಲವೇ ಪಾಯಿಂಟ್ ಗ್ಯಾಪ್ ತೀರ ಕಿರಿದಾಗಿ ಕರೆಂಟ್ ಹೆಚ್ಚು ಹೊತ್ತು ಹರಿಯುತ್ತಿದೆ. ಬಲಗಡೆಯ ಕವರ್ ಮತ್ತೆ ಬಿಚ್ಚಿ 0.4 ನೋಡಿ.